ನೆನಪಿನ ಬೆಂಗಳೂರಿನಲ್ಲಿ ಬಿಯರ್ ಯಾಕಿಲ್ಲ?



ಈಚಿನ ಕೆಲವು ಸಂಚಿಕೆಗಳಲ್ಲಿ ಬಂದ ಬೆಂಗಳೂರಿನ ನೆನಪಿನ ಬರಹಗಳನ್ನೆಲ್ಲ ಒಟ್ಟಿಗೆ ಕೂತು ಓದಿದೆ. ಚೆನ್ನಾಗಿವೆ. ಎಲ್ಲದರಲ್ಲೂ ಕಾಫಿ ಇದೆ. ವಿದ್ಯಾರ್ಥಿ ಭವನದ ದೋಸೆ, ಎಂಟಿಆರ್ ಮುಂದಿನ ಸರದಿ, ಹಿತ್ತಾಳೆ ಫಿಲ್ಟರು, ಅಜ್ಜಿಯ ಕೈರುಚಿ. ಬಿಯರ್ ಮಾತ್ರ ಒಂದು ಹನಿಯೂ ಇಲ್ಲ. ಬರೆದವರಲ್ಲಿ ಕೆಲವರ ಜೊತೆ ಜುಫೈರಿನಲ್ಲಿ ಗುರುವಾರ ರಾತ್ರಿಗಳನ್ನು ಕಳೆದವನು ನಾನು. ಹಾಗಾಗಿ ಈ ತಕರಾರು.

ತಕರಾರು ಹುಟ್ಟಿದ್ದು ನಮ್ಮ ಆಫೀಸಿನ ಇಂಗ್ಲಿಷ್ ಸಹೋದ್ಯೋಗಿಯೊಬ್ಬರಿಂದ. ಸಂಡರ್ಲೆಂಡ್ ಊರಿನವರು. ಅಲ್ಲಿ ವಾಕ್ಸ್ ಅನ್ನುವ ಬ್ರೂವರಿ ಇತ್ತು, 1999ರಲ್ಲಿ ಮುಚ್ಚಿತು. ಊರಿನ ನಡುವೆಯೇ ಇದ್ದ ಕಾರ್ಖಾನೆ. ಹತ್ತಿರದ ಪಬ್‌ಗಳಿಗೆ ಪೀಪಾಯಿಗಳು ಕುದುರೆ ಗಾಡಿಯಲ್ಲಿ ಹೋಗುತ್ತಿದ್ದವಂತೆ. ಶಾಲೆಗೆ ಹೋಗುವಾಗ ಮೂಗಿಗೆ ಬಡಿಯುತ್ತಿದ್ದ ಬೆಂದ ಬಾರ್ಲಿಯ ವಾಸನೆಯನ್ನು ಅವರು ಅರ್ಧ ಗಂಟೆ ವರ್ಣಿಸಿದರು. ಬಿಯರ್ ಅಷ್ಟು ಚೆನ್ನಾಗಿತ್ತಾ ಅಂತ ಕೇಳಿದೆ. "ಅಷ್ಟೇನೂ ಇರಲಿಲ್ಲ" ಅಂದರು. ಆ ಉತ್ತರ ನನಗೆ ಬಹಳ ಹಿಡಿಸಿತು. ಅವರು ನೆನೆಯುತ್ತಿದ್ದದ್ದು ಕುಡಿತವನ್ನಲ್ಲ, ಊರನ್ನು.

ಇಂಗ್ಲೆಂಡಿನಲ್ಲಿ ಊರಿಗೊಂದು ಬ್ರೂವರಿ, ಊರಿಗೊಂದು ರುಚಿ. ಬರ್ಟನ್ನಿನ ಬಾವಿಗಳ ನೀರಿನಲ್ಲಿ ಜಿಪ್ಸಮ್ ಇರುವುದರಿಂದ ಅಲ್ಲಿನ ಬಿಯರಿಗೆ ಬೇರೆಯೇ ಗುಣ. ಹಡಗು ಹತ್ತಿ ಇಂಡಿಯಾಕ್ಕೆ ಬರುತ್ತಿದ್ದದ್ದೂ ಅದೇ. 1960ರ ಹೊತ್ತಿಗೆ ದೊಡ್ಡ ಕಂಪೆನಿಗಳು ಚಿಕ್ಕವನ್ನು ಕೊಂಡು ಮುಚ್ಚತೊಡಗಿದಾಗ ಜನ ಸುಮ್ಮನೆ ಕೂರಲಿಲ್ಲ. 1971ರಲ್ಲಿ ಕಾಮ್ರಾ ಅನ್ನುವ ಚಳವಳಿಯನ್ನೇ ಕಟ್ಟಿದರು. (ಬಹ್ರೇನ್ ಬ್ರಿಟಿಷರ ಕೈಬಿಟ್ಟ ವರ್ಷವೂ ಅದೇ!) ಹಾಗೆಂದು ಎಲ್ಲವೂ ಉಳಿಯಲಿಲ್ಲ. ಮ್ಯಾಂಚೆಸ್ಟರಿನ ಬಾಡಿಂಗ್ಟನ್ಸ್, ಲಂಡನ್ನಿನ ಯಂಗ್ಸ್ ಕಾರ್ಖಾನೆಗಳು ಆಮೇಲೆ ಮುಚ್ಚಿದವು. ಆದರೆ ಒಂದೊಂದು ಬ್ರೂವರಿಗೂ ಅಳುವವರಿದ್ದರು.

ಇನ್ನು ನಮ್ಮೂರಿಗೆ ಬನ್ನಿ. ಬೆಂಗಳೂರಿನ ದಂಡಿನ ಸೋಲ್ಜರರಿಗೆ ದೊಡ್ಡ ಪೀಪಾಯಿಗಳಲ್ಲಿ ಬಿಯರ್ ಹೋಗುತ್ತಿತ್ತು, ಕುದುರೆಯಲ್ಲ, ಎತ್ತಿನ ಗಾಡಿಯಲ್ಲಿ. 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಐದು ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ. ಅವುಗಳಲ್ಲಿ ಕ್ಯಾಸಲ್ ಬ್ರೂವರಿ 1857ರಷ್ಟು ಹಳೆಯದು. ಅಂದರೆ ಇಂಗ್ಲಿಷರು 1960ರಲ್ಲಿ ಗೋಳಾಡಿದ್ದು ನಮ್ಮಲ್ಲಿ ಅರ್ಧ ಶತಮಾನ ಮೊದಲೇ ಆಗಿಹೋಗಿತ್ತು. ಒಬ್ಬ ಕನ್ನಡಿಗನಾದರೂ "ಅಯ್ಯೋ ಕ್ಯಾಸಲ್ಲೇ" ಎಂದು ಬರೆದದ್ದನ್ನು ನಾನು ಓದಿಲ್ಲ. 1948ರಲ್ಲಿ ವಿಠಲ ಮಲ್ಯ ಅದರ ಅಧ್ಯಕ್ಷರಾದರು. ಗ್ರಾಂಟ್ ರಸ್ತೆಗೆ ಈಗ ಅವರದೇ ಹೆಸರು, ಬ್ರೂವರಿ ಇದ್ದ ಜಾಗದಲ್ಲಿ ಯುಬಿ ಸಿಟಿ. ಯಜಮಾನರ ಹೆಸರು ಬೋರ್ಡಿನ ಮೇಲೆ ಉಳಿಯಿತು. ಬಾರ್ಲಿಯ ವಾಸನೆ ಯಾರ ಪುಟದಲ್ಲೂ ಉಳಿಯಲಿಲ್ಲ.

ಕನ್ನಡ ಸಾಹಿತ್ಯಕ್ಕೆ ಮಡಿ ಜಾಸ್ತಿ ಎಂದು ತಳ್ಳಿಹಾಕೋಣವೆಂದರೆ ಅದೂ ಸುಳ್ಳು. ರಾಜರತ್ನಂ ಅವರ ರತ್ನ ಹೆಂಡ ಬಿಟ್ಟು ಬಾಳುವವನಲ್ಲ. ಕಾರಂತರ ಚೋಮನಿಗೆ ದುಡಿಯಷ್ಟೇ ಕಳ್ಳೂ ಬೇಕು. ಈಚಲು ಮರ, ಮಡಕೆ, ಗಡಂಗು ಎಲ್ಲಕ್ಕೂ ನಮ್ಮಲ್ಲಿ ಮಾತಿದೆ. ಬಿಯರಿಗೆ ಮಾತ್ರ ಇಲ್ಲ.

ಒಂದು ಕಾರಣ ಎಲ್ಲರೂ ಹೇಳುವಂಥದ್ದು: ಬಿಯರ್ ದಂಡಿನದು, ಕನ್ನಡ ಪೇಟೆಯದು. 1949ರವರೆಗೆ ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ. ಒಪ್ಪೋಣ. ಆದರೆ 1978ರಲ್ಲಿ ಕಿಂಗ್‌ಫಿಷರ್ ಬಂದಾಗ, ಎಂಬತ್ತರ ದಶಕದ ಕೊನೆಗೆ ಚರ್ಚ್ ಸ್ಟ್ರೀಟಿನ ಸುತ್ತ ಪಬ್‌ಗಳು ಎದ್ದಾಗ, ಬಸವನಗುಡಿಯ ಹುಡುಗರು ಅಲ್ಲಿ ಇರಲಿಲ್ಲವೆ? ಇದ್ದೆವು. ಬಸ್ಸು ತಪ್ಪಿಸಿಕೊಂಡು, ಏಲಕ್ಕಿ ಅಗಿಯುತ್ತ ಮನೆಗೆ ನಡೆದಿದ್ದೆವು.

ನನಗೆ ಕಾಣುವ ಕಾರಣ ಇನ್ನೊಂದು. ನಮ್ಮ ಬರಹದಲ್ಲಿ ಕುಡಿಯುವವನು ಯಾವಾಗಲೂ ಇನ್ನೊಬ್ಬ. ಅವನು ಬಡವ, ಓದಿಲ್ಲದವ. ಬರೆಯುವವನು ದಡದಲ್ಲಿ ನಿಂತು ಮರುಗುತ್ತಾನೆ ಅಥವಾ ಮೆಚ್ಚುತ್ತಾನೆ. ರಾಜರತ್ನಂ ಸ್ವತಃ ಕುಡಿಯದವರು, ಅವರದು ಪ್ರತಿಭೆಯ ಪರಕಾಯ ಪ್ರವೇಶ. ನಮ್ಮದು ಹಾಗಲ್ಲ. ನಾವು ಕುಡಿಯುತ್ತೇವೆ, ಮತ್ತು ಕುಡಿತವನ್ನು ರತ್ನನ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುತ್ತೇವೆ. ಬಿಯರ್ ಬಗ್ಗೆ ಬರೆಯಬೇಕಾದರೆ "ನಾನು" ಎಂದೇ ಬರೆಯಬೇಕಾಗುತ್ತದೆ. ಅಲ್ಲಿಗೆ ಪೆನ್ನು ನಿಲ್ಲುತ್ತದೆ. ನಮ್ಮ ಕಾಫಿ ನೆನಪುಗಳಲ್ಲಿ ಒಂದು ಬಗೆಯ ಪೆಚ್ಚುತನ ಇರುವುದು ಇದರಿಂದಲೇ ಎಂದು ನನ್ನ ಗುಮಾನಿ. ಅಮ್ಮ ಓದಿದರೂ ಪರವಾಗಿಲ್ಲ ಎನ್ನುವಷ್ಟನ್ನೇ ನೆನಪು ಮಾಡಿಕೊಳ್ಳುತ್ತೇವೆ. ಹಿಂದೆ ಇಲ್ಲೇ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳ ಬಗ್ಗೆ ಬರೆದಾಗ ನಾನೂ ಒಂದು ಪ್ಯಾರಾ ಹೊಡೆದುಹಾಕಿದ್ದೆ. ಅಲ್ಲಿದ್ದದ್ದು ನೊರೆ ತುಂಬಿದ ಮಗ್ಗು, ಮತ್ತು ಈಗ ತೀರಿಹೋಗಿರುವ ಒಬ್ಬ ಗೆಳೆಯ. ಮಗ್ಗಿನ ಜೊತೆ ಅವನೂ ಹೋದ.

ನಮ್ಮ ಬಳಗದ ಒಬ್ಬ ಸದಸ್ಯರ ಸೋದರಮಾವ ಬೆಂಗಳೂರಿನ ಬ್ರೂವರಿಯೊಂದರಲ್ಲಿ ಬಾಟಲಿ ತೊಳೆಯುವ ವಿಭಾಗದಲ್ಲಿದ್ದರು ಎಂದು ಗೊತ್ತಾಗಿ ಮೊನ್ನೆ ಫೋನ್ ಮಾಡಿದೆ. ಮಾವ ಮನೆಗೆ ಬಂದಾಗ ಅಂಗಿ ಏನು ವಾಸನೆ ಬರುತ್ತಿತ್ತು ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ "ಹುಳಿ ಬಂದ ಹಿಟ್ಟಿನ ಹಾಗೆ, ಆದರೆ ಸಿಹಿ" ಅಂದರು. ಆ ಅಂಗಿಯನ್ನು ಅತ್ತೆ ಹಿತ್ತಲಲ್ಲೇ ಬಿಚ್ಚಿಸುತ್ತಿದ್ದರಂತೆ. ಹತ್ತು ನಿಮಿಷ ಮಾತಾಡಿದರು. ಇಡುವ ಮುಂಚೆ, "ಇದನ್ನೆಲ್ಲಾ ಬರೀಬೇಡಿ ಸಾರ್" ಅಂದರು.

ಹೆಸರು ಬರೆದಿಲ್ಲ.