ಹೇಳದೆ ಉಳಿಸಿದ್ದರ ಹಿಡಿತ

ಕತೆ ಬರೆಯಲು ಹೊರಟವರಿಗೆಲ್ಲ ಸಿಗುವ ಮೊದಲ ಸಲಹೆ: ಶುರುವಿನಲ್ಲೇ ಓದುಗನನ್ನು ಹಿಡಿದುಬಿಡಿ, ಪ್ರತಿ ಅಧ್ಯಾಯದ ಕೊನೆಗೆ ಒಂದು ಕುತೂಹಲ ಉಳಿಸಿ. ಕನ್ನಡಕ್ಕೆ ಇದು ಹೊಸದೇನಲ್ಲ. ವಾರಪತ್ರಿಕೆಗಳ ಧಾರಾವಾಹಿಗಳು ದಶಕಗಳ ಕಾಲ ‘ಮುಂದುವರಿಯುವುದು’ ಎಂಬ ಮಾತಿನ ಮೇಲೆಯೇ ನಡೆದವು. ಎನ್. ನರಸಿಂಹಯ್ಯ ಅವರ ಪತ್ತೇದಾರ ಪುರುಷೋತ್ತಮನ ಬೆನ್ನುಹತ್ತಿ ಓದುವ ರುಚಿ ಹತ್ತಿಸಿಕೊಂಡವರು ನಮ್ಮ ಹಿರಿಯರಲ್ಲಿ ಬಹಳ ಮಂದಿ ಇದ್ದಾರೆ. ಆ ಸಾಧನೆಯ ಬಗ್ಗೆ ನನಗೆ ನಿಜವಾದ ಗೌರವವಿದೆ. ಆದರೆ ಮುಂದೇನಾಯಿತು ಎಂದು ತಿಳಿದ ಗಳಿಗೆಯಲ್ಲೇ ಅಂಥ ಕತೆಯ ಹಿಡಿತ ಸಡಿಲವಾಗುತ್ತದೆ. ತಿಳಿದ ಮೇಲೂ ಬಿಡದ ಕತೆಗಳ ಕಸುಬು ಬೇರೆಯೇ ಇರಬೇಕು.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ನೀಳ್ಗತೆ ನನ್ನನ್ನು ಮತ್ತೆ ಮತ್ತೆ ಕರೆಯುವುದು ಈ ಕಾರಣಕ್ಕೆ. ಮೇಲುನೋಟಕ್ಕೆ ಇದರಲ್ಲಿ ಅವಸರವೇ ಇಲ್ಲ. ಬೆಂಗಳೂರಿನ ಒಂದು ಕಾಫಿ ಹೌಸಿನಲ್ಲಿ ಕೂತ ಗಂಡಸೊಬ್ಬ ತನ್ನ ಮನೆಯ ಸಂಗತಿಗಳನ್ನು ಹೇಳುತ್ತ ಹೋಗುತ್ತಾನೆ. ಅವನ ಹೆಸರು ಕೊನೆಯವರೆಗೂ ನಮಗೆ ಗೊತ್ತಾಗುವುದಿಲ್ಲ. ಕೆಲಸ ಹೋದ ಅಪ್ಪನ ಉಳಿತಾಯವನ್ನು ಬಂಡವಾಳ ಮಾಡಿಕೊಂಡು ಚಿಕ್ಕಪ್ಪ ‘ಸೋನಾ ಮಸಾಲಾ’ ಕಟ್ಟಿದ್ದು, ಇಕ್ಕಟ್ಟಿನ ಬಾಡಿಗೆ ಮನೆ ಬಿಟ್ಟು ದೊಡ್ಡ ಮನೆಗೆ ಬಂದಿದ್ದು, ದುಡ್ಡು ಬಂದ ಮೇಲೆ ಮನೆಯವರು ಮಾತಾಡುವ ರೀತಿಯೇ ಬದಲಾಗಿದ್ದು. ಇವನೋ ಕಂಪನಿಯ ನಿರ್ದೇಶಕ, ಸಂಬಳವಿದೆ, ಕೆಲಸವಿಲ್ಲ.

ಇಲ್ಲಿನ ಮುಖ್ಯ ತಂತ್ರ ನಿರೂಪಕನ ದನಿಯಲ್ಲಿದೆ. ಸಭ್ಯ, ಮೆಲುಮಾತಿನ, ಸೂಕ್ಷ್ಮವಾಗಿ ಗಮನಿಸುವ ಮನುಷ್ಯ. ಅಪ್ಪ ದಿನದ ಲೆಕ್ಕ ಒಪ್ಪಿಸುತ್ತಿದ್ದ ಹಳೆಯ ಸಂಜೆಗಳನ್ನು, ಮನೆಗೆ ಗ್ಯಾಸ್ ಒಲೆ ಬಂದ ಸಂಭ್ರಮವನ್ನು ಅವನು ಹೇಳುವಾಗ ಕೆಳಮಧ್ಯಮ ವರ್ಗದ ಮನೆಯಲ್ಲಿ ಬೆಳೆದ ಯಾವ ಓದುಗನೂ ಅವನ ಪಕ್ಕ ಕೂತುಬಿಡುತ್ತಾನೆ. ಹಳೆ ಮನೆಗೆ ಮುತ್ತುತ್ತಿದ್ದ ಇರುವೆಗಳನ್ನು ಎಲ್ಲರೂ ಸೇರಿ ಹೊಸಕಿ, ಸುಟ್ಟು ಕೊಲ್ಲುವ ಪುಟಗಳನ್ನು ನಾವು ನಗುತ್ತಲೇ ಓದುತ್ತೇವೆ. ಯಾರ ಮನೆಯಲ್ಲಿ ಇರುವೆ ಕೊಂದಿಲ್ಲ! ಆದರೆ ಅದೇ ಒಗ್ಗಟ್ಟು, ಅದೇ ಹುರುಪು, ಚಿಕ್ಕಪ್ಪನನ್ನು ಹುಡುಕಿಕೊಂಡು ಬುತ್ತಿ ಹಿಡಿದು ಬಾಗಿಲಿಗೆ ಬಂದ ಹೆಂಗಸೊಬ್ಬಳ ಮೇಲೂ ತಿರುಗುತ್ತದೆ. ಅಮ್ಮ ಮತ್ತು ಸೋದರಿ ಮಾಲತಿ ಆಕೆಯನ್ನು ಬೈದು ಅಟ್ಟುವಾಗ ನಿರೂಪಕ ನೋಡುತ್ತ ನಿಂತಿರುತ್ತಾನೆ. ಅವನ ಜೊತೆ ನಾವೂ ನಿಂತಿರುತ್ತೇವೆ. ಈ ಎರಡು ಸನ್ನಿವೇಶಗಳ ನಡುವಿನ ಸಂಬಂಧವನ್ನು ಲೇಖಕರು ಒಂದು ವಾಕ್ಯದಲ್ಲೂ ಬಿಡಿಸಿ ಹೇಳುವುದಿಲ್ಲ. ಬಿಡಿಸಿದ್ದರೆ ನಾವು ತೀರ್ಪುಗಾರರಾಗಿ ಪಾರಾಗುತ್ತಿದ್ದೆವು. ಹೇಳದೆ ಬಿಟ್ಟಿದ್ದರಿಂದ ಪಾಲುದಾರರಾಗಿ ಸಿಕ್ಕಿಬೀಳುತ್ತೇವೆ.

ಓದುಗನನ್ನು ಒಳಗೆಳೆದುಕೊಳ್ಳುವುದು ಎಂದರೆ ನನ್ನ ಮಟ್ಟಿಗೆ ಇದೇ. ಅವನ ಕುತೂಹಲವನ್ನು ಕೆರಳಿಸುವುದು ಸುಲಭ. ಅವನ ಒಪ್ಪಿಗೆಯನ್ನು ಮೊದಲೇ ಪಡೆದುಕೊಂಡು, ತಾನು ಯಾವುದಕ್ಕೆ ಒಪ್ಪಿದೆ ಎಂಬುದು ಆಮೇಲೆ ಅವನಿಗೇ ಹೊಳೆಯುವಂತೆ ಮಾಡುವುದು ಕಷ್ಟದ ಕೆಲಸ. ಕೊನೆಗೆ ಊರಿಗೆ ಹೋದ ಹೆಂಡತಿ ಅನಿತಾಳ ಸುದ್ದಿಯಿಲ್ಲ, ಮನೆಯಲ್ಲಿ ಏನೋ ನಡೆದಿರಬಹುದು. ಏನು ನಡೆಯಿತು ಎಂಬುದನ್ನು ಕತೆ ಹೇಳುವುದಿಲ್ಲ, ಆದರೂ ನಮಗೆ ಮೋಸವಾಯಿತು ಅನ್ನಿಸುವುದಿಲ್ಲ. ಆ ಮನೆಯವರಿಗೆ ಏನೆಲ್ಲ ಸಾಧ್ಯ ಎಂಬುದಕ್ಕೆ ಬೇಕಾದ ಸಾಕ್ಷ್ಯವನ್ನೆಲ್ಲ ಹರಟೆಯ ಧಾಟಿಯಲ್ಲೇ ನಮ್ಮ ಕೈಗಿತ್ತಾಗಿದೆ. ಈಚಿನ ಎಷ್ಟೋ ಸಣ್ಣಕತೆಗಳಲ್ಲಿ ಅಂತ್ಯವನ್ನು ಅರ್ಧಕ್ಕೆ ನಿಲ್ಲಿಸುವುದೇ ಒಂದು ಶೈಲಿಯಾಗಿಬಿಟ್ಟಿದೆ. ಅಲ್ಲಿ ಸಾಕ್ಷ್ಯವಿರುವುದಿಲ್ಲ, ಬರೀ ಮೌನವಿರುತ್ತದೆ. ಅಂಥ ಮೌನ ನನಗೆ ಸೋಮಾರಿತನವಾಗಿಯೇ ಕಾಣುತ್ತದೆ.

ಹಾಗೆಂದು ಈ ಕೃತಿಯ ಎಲ್ಲವೂ ನನಗೆ ಒಪ್ಪಿಗೆಯಲ್ಲ. ಕಾಫಿ ಹೌಸಿನ ಮಾಣಿ ವಿನ್ಸೆಂಟ್ ಆಡುವ ಒಂದೊಂದು ಮಾತನ್ನೂ ನಿರೂಪಕ ದೈವವಾಣಿಯಂತೆ ಕೇಳಿಸಿಕೊಳ್ಳುತ್ತಾನೆ. ಸ್ವಂತದ್ದೊಂದು ನಿರ್ಧಾರ ಮಾಡಲಾರದವನ ಲಕ್ಷಣವಾಗಿ ಅದು ಸರಿಯೇ, ಆದರೂ ಒಮ್ಮೊಮ್ಮೆ ಲೇಖಕರ ಅನುಕೂಲಕ್ಕೆ ಒದಗಿ ಬಂದಂತಿದೆ. ಇದಕ್ಕಿಂತ ದೊಡ್ಡ ಕೊರತೆ ಅನಿತಾಳದು. ಇಡೀ ಮನೆಯಲ್ಲಿ ಎದುರು ಮಾತಾಡುವವಳು, ದುಡಿಯದೆ ಉಣ್ಣುವ ಗಂಡನನ್ನು ಪ್ರಶ್ನಿಸುವವಳು ಅವಳೊಬ್ಬಳೇ. ಅವಳ ಮಾತು ನಮಗೆ ತಲುಪುವುದು ಅದನ್ನು ಕೇಳಿಸಿಕೊಳ್ಳಲು ಮನಸ್ಸಿಲ್ಲದವನ ಕಿವಿಯ ಮೂಲಕ. ನಿರೂಪಣೆಯ ಕಟ್ಟಳೆಗೆ ಇದು ಅನಿವಾರ್ಯವಿರಬಹುದು. ಆದರೆ ಓದುಗನನ್ನು ಗಂಡನ ಪಕ್ಕದಲ್ಲಿ ಇಷ್ಟು ಭದ್ರವಾಗಿ ಕೂರಿಸಿದ ತಂತ್ರವೇ ಅನಿತಾಳನ್ನು ಅವಳ ನಿಲುವಿನಷ್ಟಕ್ಕೆ ಕುಗ್ಗಿಸಿದೆ. ಇರುವೆಗಳಿಗೆ ಸಿಕ್ಕ ಕಣ್ಣಿನ ತಾಳ್ಮೆ ಅವಳಿಗೆ ಸಿಗಲಿಲ್ಲ. ಅವಳ ಬಾಲ್ಯದ, ಅವಳ ದಿನಚರಿಯ ಇನ್ನೆರಡು ವಿವರಗಳಿದ್ದಿದ್ದರೆ ಅವಳ ಗೈರುಹಾಜರಿಯ ತೂಕ ಇನ್ನೂ ಹೆಚ್ಚುತ್ತಿತ್ತು.