ಹಸಿಮಣ್ಣು, ಸುಟ್ಟಮಣ್ಣು: ಖಾನಾಪುರದ ನೆಲ ಮತ್ತು ಪರಿಸರ ಶಿಕ್ಷಣದ ಒಂದು ವಿಮರ್ಶೆ

ಪರಿಸರ ಶಿಕ್ಷಣವನ್ನು ಕುರಿತ ಕನ್ನಡದ ಬರವಣಿಗೆಯಲ್ಲಿ ಕಾಡಿಗೆ, ನೀರಿಗೆ, ವನ್ಯಪ್ರಾಣಿಗಳಿಗೆ ದೊರೆತಿರುವ ಸ್ಥಾನ ಮಣ್ಣಿಗೆ ದೊರೆತಿಲ್ಲ. ಕಾಡು ಕಣ್ಣಿಗೆ ಕಾಣುತ್ತದೆ, ನದಿ ಸುದ್ದಿಯಾಗುತ್ತದೆ. ಕಾಲ ಕೆಳಗಿನ ಮಣ್ಣು ಎರಡೂ ಆಗುವುದಿಲ್ಲ. ಜಾನಪದ ಅಧ್ಯಯನವಾದರೂ ಈ ಕೊರತೆಯನ್ನು ತುಂಬಬಹುದಿತ್ತು. ಮಣ್ಣಿನೊಡನೆ ದಿನನಿತ್ಯ ವ್ಯವಹರಿಸುವ ಜನರ ಮಾತು, ಆಚರಣೆ, ಕಥನಗಳೇ ಅದರ ಆಕರವಾಗಿವೆ. ಆದರೆ ಅದು ಬಹುಮಟ್ಟಿಗೆ ‘ಜನಪದರು ಪ್ರಕೃತಿಯ ಆರಾಧಕರು’ ಎಂಬ ಸಿದ್ಧ ಹೇಳಿಕೆಯಲ್ಲಿ ತೃಪ್ತಿಪಟ್ಟುಕೊಂಡಿದೆ. ಈ ಎರಡು ಕೊರತೆಗಳನ್ನೂ ಒಟ್ಟಿಗೆ ಪರಿಶೀಲಿಸಲು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಷ್ಟು ತಕ್ಕ ನೆಲ ವಿರಳ.

ಈ ತಾಲ್ಲೂಕಿನ ಪಶ್ಚಿಮದ ಅಂಚು ಸಹ್ಯಾದ್ರಿಯ ಶಿಖರರೇಖೆ. ಪೂರ್ವದ ಅಂಚು ಬೆಳವಲದ ಹೊಸ್ತಿಲು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರುತ್ತದೆ. ಅದೇ ತಾಲ್ಲೂಕಿನ ದೇಗಾಂವದ ಬಳಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಇಳಿದು ಗೋವೆಯ ಮೂಲಕ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಘಟ್ಟದ ತಲೆಯ ಜಂಬಿಟ್ಟಿಗೆ, ಅದರ ಕೆಳಗಿನ ಕೆಂಪು ನೆಲ, ಭತ್ತದ ಗದ್ದೆಯ ಕೆಸರು, ಕಿತ್ತೂರು ಬೈಲಹೊಂಗಲದ ಕಡೆಗೆ ಸಾಗಿದಂತೆ ಎದುರಾಗುವ ಎರೆಭೂಮಿ, ಇವೆಲ್ಲ ಒಂದು ದಿನದ ಪ್ರಯಾಣದಲ್ಲಿ ಕಾಣಸಿಗುತ್ತವೆ. ಭೂಗೋಳದ ಪಠ್ಯಪುಸ್ತಕ ಇಡೀ ದೇಶಕ್ಕೆ ಹಂಚಿಕೊಡುವ ಮಣ್ಣಿನ ವಿಧಗಳ ಪಟ್ಟಿಯಲ್ಲಿ ಹಲವು ಇಲ್ಲಿನ ವಿದ್ಯಾರ್ಥಿಗೆ ನಡೆದು ನೋಡುವ ದೂರದಲ್ಲಿವೆ.

ಹೀಗಿದ್ದೂ ಆ ಪಟ್ಟಿ ಬಾಯಿಪಾಠದ ಪಟ್ಟಿಯಾಗಿಯೇ ಉಳಿಯುತ್ತದೆ. ಇದಕ್ಕೆ ನೀತಿಯ ಅಭಾವ ಕಾರಣವೆನ್ನಲಾಗದು. ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಪರಿಸರವನ್ನು ಕಡ್ಡಾಯವಾಗಿ ಬೋಧಿಸಬೇಕೆಂದು ನಿರ್ದೇಶಿಸಿತು. 2003ರಲ್ಲಿ ಅದನ್ನು ಮತ್ತೆ ಒತ್ತಿಹೇಳಿತು. ವಿಶ್ವವಿದ್ಯಾಲಯ ಅನುದಾನ ಆಯೋಗವು ಪದವಿ ತರಗತಿಗಳಿಗೆ ರೂಪಿಸಿದ ಪಠ್ಯಕ್ರಮ ಕ್ಷೇತ್ರಕಾರ್ಯಕ್ಕೇ ಒಂದು ಘಟಕವನ್ನು ಮೀಸಲಿಟ್ಟಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಅಂಗವಾಗಿ ‘ಆವಾಸ ಮತ್ತು ಕಲಿಕೆ’ಯನ್ನು ಕುರಿತು ಚಿಂತಿಸಿದ ತಂಡಕ್ಕೆ ಮಾಧವ ಗಾಡ್ಗೀಳರು ಅಧ್ಯಕ್ಷರಾಗಿದ್ದರು. ಮಕ್ಕಳು ತಮ್ಮ ಸುತ್ತಲಿನ ಪರಿಸರವನ್ನು ತಾವೇ ದಾಖಲಿಸುತ್ತ ಕಲಿಯಬೇಕೆಂಬುದು ಆ ಚಿಂತನೆಯ ತಿರುಳು. ಇದೇ ಗಾಡ್ಗೀಳರು 2011ರಲ್ಲಿ ಪಶ್ಚಿಮ ಘಟ್ಟಗಳ ವರದಿಯನ್ನು ನೀಡಿದರೆಂಬುದು ಎಲ್ಲರಿಗೂ ನೆನಪಿದೆ. ಅವರು ಶಾಲೆಯ ಬಗ್ಗೆ ಹೇಳಿದ್ದು ಅಷ್ಟಾಗಿ ನೆನಪಿಲ್ಲ. ಘಟ್ಟದ ವರದಿಗೆ ಊರೂರುಗಳಲ್ಲಿ ವಿರೋಧ ಎದ್ದಿತು. ಶಾಲೆಯ ವರದಿಗೆ ವಿರೋಧವೂ ಬರಲಿಲ್ಲ.

ಆದ್ದರಿಂದ ತೊಡಕಿರುವುದು ಆದೇಶದಲ್ಲಲ್ಲ, ಬೋಧನೆಯ ಭಾಷೆಯಲ್ಲಿ. ‘ಜಂಬಿಟ್ಟಿಗೆ ಮಣ್ಣು’ ಎಂಬ ಒಂದು ಪದವನ್ನೇ ಉದಾಹರಣೆಗೆ ಪರಿಶೀಲಿಸಬಹುದು. ಪಠ್ಯಪುಸ್ತಕ ಇದನ್ನು ‘ಲ್ಯಾಟರೈಟ್’ ಎಂಬುದರ ಕನ್ನಡ ಪರ್ಯಾಯವೆಂದು ಕೊಡುತ್ತದೆ. ವಸ್ತುಸ್ಥಿತಿ ಇದಕ್ಕೆ ವಿರುದ್ಧ ದಿಕ್ಕಿನದು. ಟಿಪ್ಪುವಿನ ಪತನದ ನಂತರ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನಲ್ಲಿ ಜನರು ನೆಲದಿಂದ ಮೆತ್ತಗಿನ ಕಲ್ಲನ್ನು ಇಟ್ಟಿಗೆಯಾಕಾರದಲ್ಲಿ ಕಡಿದು ತೆಗೆಯುವುದನ್ನೂ, ಅದು ಗಾಳಿಬಿಸಿಲಿಗೆ ಗಡುಸಾಗುವುದನ್ನೂ ಕಂಡನು. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಲ್ಯಾಟಿನ್ ಭಾಷೆಯ ‘ಇಟ್ಟಿಗೆ’ ಎಂಬರ್ಥದ ಪದದಿಂದ ಅದಕ್ಕೆ ಹೆಸರಿಟ್ಟನು. ಕಲ್ಲು ಕಡಿಯುವವರ ಕೈಗೆಲಸವೇ ಇಲ್ಲಿ ವಿಜ್ಞಾನದ ಪರಿಭಾಷೆಯಾಯಿತು. ಕನ್ನಡದ ಪದದ ಹೊಟ್ಟೆಯಲ್ಲಿಯೂ ‘ಇಟ್ಟಿಗೆ’ ಇದೆ. ಖಾನಾಪುರದ ಘಟ್ಟದ ಕಡೆಯ ಮರಾಠಿ ಮಾತಿನವರು ಇದೇ ಕಲ್ಲನ್ನು ‘ಜಾಂಭಾ’ ಎನ್ನುತ್ತಾರೆ. ಕನ್ನಡ ಪದದ ಮೊದಲರ್ಧಕ್ಕೂ ಇದಕ್ಕೂ ಇರುವ ಧ್ವನಿಸಾಮ್ಯ ಕಡೆಗಣಿಸುವಂಥದಲ್ಲ. ಒಂದೇ ತರಗತಿಯಲ್ಲಿ ಕುಳಿತ ಎರಡು ಮನೆಮಾತಿನ ಮಕ್ಕಳಿಗೆ ಈ ಪದವೊಂದೇ ಒಂದು ವಾರದ ಪಾಠವಾಗಬಲ್ಲದು. ಪ್ರಶ್ನೆಪತ್ರಿಕೆಯಲ್ಲಿ ಅದು ಒಂದು ಅಂಕದ ‘ಬಿಟ್ಟ ಸ್ಥಳ ತುಂಬಿರಿ’ ಆಗುತ್ತದೆ.

ಪದದ ಹಿಂದಿರುವ ನೈಸರ್ಗಿಕ ಪ್ರಕ್ರಿಯೆ ಇನ್ನೂ ಮುಖ್ಯವಾದುದು. ಭಾರಿ ಮಳೆ ಶಿಲೆಯೊಳಗಿನ ಕರಗುವ ಅಂಶಗಳನ್ನು ಯುಗಯುಗಗಳಿಂದ ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳನ್ನು ಉಳಿಸುತ್ತದೆ. ಅದರ ಮೇಲೆ ಕೊಳೆತ ತರಗೆಲೆಯಿಂದಾದ ತೆಳುವಾದ ಮೇಲ್ಮಣ್ಣು ಇರುತ್ತದೆ. ಘಟ್ಟದ ಕಾಡು ಬಹುಮಟ್ಟಿಗೆ ಈ ತೆಳು ಪದರದಲ್ಲಿಯೇ ತನ್ನ ಆಹಾರವನ್ನು ಹಿಡಿದಿಟ್ಟುಕೊಂಡಿದೆ. ಮರದ ಮುಚ್ಚಿಗೆ ಹೋದರೆ ಮಳೆ ಆ ಪದರವನ್ನು ಒಯ್ಯುತ್ತದೆ, ತೆರೆದ ಜಂಬಿಟ್ಟಿಗೆ ಒಣಗಿ ಕಲ್ಲಾಗುತ್ತದೆ. ಒಮ್ಮೆ ಹೀಗಾದದ್ದು ಹಿಂದಿನಂತಾಗುವುದಿಲ್ಲ. ‘ಸೂಕ್ಷ್ಮ ಪರಿಸರ’ ಎಂಬ ಆಡಳಿತದ ಮಾತಿಗೆ ಮಣ್ಣಿನ ಭಾಷೆಯಲ್ಲಿ ಇರುವ ಅರ್ಥ ಇದು: ಹಿಂದಿರುಗಲಾರದ ಬದಲಾವಣೆ.

ಹಿಂದಿರುಗುವ ಮಣ್ಣು, ಹಿಂದಿರುಗಲಾರದ ಮಣ್ಣು ಎಂಬ ಈ ವ್ಯತ್ಯಾಸವನ್ನು ಉತ್ತರ ಕರ್ನಾಟಕದ ಆಚರಣಾ ಪರಂಪರೆ ತನ್ನದೇ ರೀತಿಯಲ್ಲಿ ಗುರುತಿಸಿದೆ. ಮುಂಗಾರಿನ ಆರಂಭದ ಮಣ್ಣೆತ್ತಿನ ಅಮಾವಾಸ್ಯೆಯಿಂದ ಮೊದಲುಗೊಂಡು ಆಷಾಢದ ಮಂಗಳವಾರಗಳ ಗುಳ್ಳವ್ವ, ಶ್ರಾವಣದ ನಾಗಪ್ಪ, ಭಾದ್ರಪದದ ಗಣಪ, ಅವನ ಬೆನ್ನಿಗೆ ಬರುವ ಜೋಕುಮಾರ, ಹೀಗೆ ಮಳೆಗಾಲದುದ್ದಕ್ಕೂ ಮಣ್ಣಿನ ಮೂರ್ತಿಗಳ ಸಾಲೊಂದು ಸಾಗುತ್ತದೆ. ಇವುಗಳಲ್ಲಿ ಯಾವುದನ್ನೂ ಆವಿಗೆಯಲ್ಲಿ ಸುಡುವುದಿಲ್ಲವೆಂಬುದು ಗಮನಾರ್ಹ. ಎತ್ತುಗಳನ್ನೂ ಅವುಗಳ ಗೋದಲಿಯನ್ನೂ ಹಸಿಮಣ್ಣಿನಲ್ಲಿ ಮಾಡಿ, ಪೂಜಿಸಿ, ನೀರಿಗೆ ಬಿಡಲಾಗುತ್ತದೆ. ಮಣ್ಣು ಮಣ್ಣಾಗಿಯೇ ಹಿಂದಿರುಗುತ್ತದೆ. ಮಕ್ಕಳ ಕೈ ಮಣ್ಣಿನ ಗುಣವನ್ನು ಅರಿಯುವುದೂ ಇಲ್ಲಿಯೇ. ಯಾವ ಮಣ್ಣು ಎತ್ತಿನ ಕೊಂಬಾಗಿ ನಿಲ್ಲುತ್ತದೆ, ಯಾವುದು ಒಣಗಿದೊಡನೆ ಸೀಳುತ್ತದೆ ಎಂಬುದನ್ನು ಹತ್ತು ವರ್ಷದ ಹುಡುಗಿ ಗುಳ್ಳವ್ವನನ್ನು ಮಾಡುತ್ತ ಕಂಡುಕೊಳ್ಳುತ್ತಾಳೆ. ಮಣ್ಣಿನ ಕಣಗಳ ಗಾತ್ರ, ಜಿಗುಟು, ನೀರು ಹಿಡಿಯುವ ಶಕ್ತಿ ಎಂದು ಪಠ್ಯಪುಸ್ತಕ ಮುಂದೆ ಹೆಸರಿಸುವುದು ಇದನ್ನೇ. ಎರಡೂ ಒಂದೇ ಎಂದು ಆಕೆಗೆ ಹೇಳುವವರು ಇಲ್ಲ.

ಇಲ್ಲಿ ಜಾನಪದ ವಿದ್ವಾಂಸರು ಎಚ್ಚರ ತಪ್ಪುವ ಸಂಭವ ಹೆಚ್ಚು. ನಾಗರಪಂಚಮಿಯಂದು ನೆಲ ಅಗೆಯಬಾರದು, ಉಳಬಾರದು ಎಂಬ ನಿಷೇಧವನ್ನು ಭೂಸಂರಕ್ಷಣೆಯ ಜನಪದ ವಿಧಾನವೆಂದು ವಿವರಿಸುವ ಲೇಖನಗಳಿಗೆ ಕೊರತೆಯಿಲ್ಲ. ವರ್ಷದಲ್ಲಿ ಒಂದು ದಿನ ನೇಗಿಲು ನಿಂತರೆ ಯಾವ ಹೊಲದ ಮಣ್ಣೂ ಉಳಿಯದು. ನಿಷೇಧ ಹೇಳುವುದು ಭಯವನ್ನು, ಹಾವಿನೊಡನೆ ನೆಲ ಹಂಚಿಕೊಂಡವರ ನಯವನ್ನು. ಅದನ್ನು ಕೃಷಿ ಇಲಾಖೆಯ ಸುತ್ತೋಲೆಯಂತೆ ಓದುವುದು ಆಚರಣೆಗೂ ವಿಜ್ಞಾನಕ್ಕೂ ಮಾಡುವ ಅನ್ಯಾಯ. ಹುತ್ತದ ಮಣ್ಣಿನ ವಿಷಯ ಬೇರೆ. ಗೆದ್ದಲುಗಳು ಆಳದಿಂದ ನುಣುಪಾದ ಕಣಗಳನ್ನು ಮೇಲಕ್ಕೆ ತರುತ್ತವೆ. ಆ ಮಣ್ಣು ಮೂರ್ತಿಗೂ ನೆಲ ಸಾರಣೆಗೂ ಒದಗುತ್ತದೆಂಬುದು ಪರೀಕ್ಷಿಸಬಹುದಾದ ಅರಿವು. ಎರಡನ್ನೂ ‘ಜನಪದ ವಿಜ್ಞಾನ’ವೆಂಬ ಒಂದೇ ಬುಟ್ಟಿಗೆ ಹಾಕಿದರೆ ವಿದ್ಯಾರ್ಥಿ ಕಲಿಯುವುದು ವಿವೇಚನೆಯನ್ನಲ್ಲ, ಹೆಮ್ಮೆಯನ್ನು ಮಾತ್ರ.

ಇನ್ನು ಸುಟ್ಟಮಣ್ಣು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಗ್ರಾಮೀಣ ಕುಂಬಾರಿಕೆ ತರಬೇತಿ ಸಂಸ್ಥೆ ಖಾನಾಪುರದಲ್ಲಿ ನೆಲೆಗೊಂಡಿರುವುದು ಈ ಊರಿಗೂ ಜೇಡಿಮಣ್ಣಿಗೂ ಇರುವ ನಂಟನ್ನು ಸಾರುತ್ತದೆ. ಇಟ್ಟಿಗೆ, ಹೆಂಚು, ಮಡಕೆಗಳಿಗೆ ಈ ಸೀಮೆ ಹೆಸರಾಗಿದೆ. ಜೇಡಿಮಣ್ಣನ್ನು ಒಂದು ಮಟ್ಟ ಮೀರಿ ಕಾಯಿಸಿದಾಗ ಅದರ ಕಣಗಳೊಳಗೆ ಬೆಸೆದುಕೊಂಡಿರುವ ನೀರು ಹೊರಟುಹೋಗುತ್ತದೆ. ಆಮೇಲೆ ಎಷ್ಟು ನೆನೆಸಿದರೂ ಅದು ಕೆಸರಾಗದು. ಕುಂಬಾರನ ಆವಿಗೆ ಕೆಲವು ಗಂಟೆಗಳಲ್ಲಿ ಮಾಡುವುದನ್ನು ಬೋಳಾದ ಜಂಬಿಟ್ಟಿಗೆ ನೆಲದ ಮೇಲೆ ಬಿಸಿಲು ತನ್ನದೇ ಬೇರೆ ದಾರಿಯಿಂದ ಹಲವು ವರ್ಷಗಳಲ್ಲಿ ಮಾಡುತ್ತದೆ. ರಾಸಾಯನಿಕವಾಗಿ ಎರಡೂ ಒಂದೇ ಅಲ್ಲ. ಫಲಿತಾಂಶದಲ್ಲಿ ಎರಡೂ ಹಿಂದಿರುಗದ ದಾರಿಗಳು. ಘಟ್ಟದ ಮಣ್ಣಿನ ಸೂಕ್ಷ್ಮತೆಯನ್ನು ಕಲಿಸಬಯಸುವ ಅಧ್ಯಾಪಕನಿಗೆ ಮಡಕೆಯ ಚೂರಿಗಿಂತ ಸುಲಭವಾದ ಪಾಠೋಪಕರಣ ಸಿಗಲಾರದು.

ಆದರೆ ವಿದ್ಯೆಯ ವಿಂಗಡಣೆ ಇದಕ್ಕೆ ಅಡ್ಡವಾಗಿದೆ. ಮಣ್ಣು ಪರಿಸರ ಅಧ್ಯಯನಕ್ಕೆ, ಮಡಕೆ ಕರಕುಶಲಕ್ಕೆ, ಕುಂಬಾರ ಜಾನಪದಕ್ಕೆ ಹಂಚಿಹೋಗಿದ್ದಾರೆ. ಈ ಹಂಚಿಕೆಯಲ್ಲಿ ಜಾತಿಯ ಪ್ರಶ್ನೆ ಸದ್ದಿಲ್ಲದೆ ಮರೆಯಾಗುತ್ತದೆ. ಮಣ್ಣಿನ ಗುಣವನ್ನು ನಾಲಿಗೆಗೆ ಇಟ್ಟು, ಬೆರಳಲ್ಲಿ ಹೊಸೆದು ಹೇಳಬಲ್ಲವರು ಶಾಲೆಯ ದೃಷ್ಟಿಯಲ್ಲಿ ಕಲಿತವರಲ್ಲ. ತಿಗರಿಯ ಮುಂದೆ ಬೆಳೆದ ಮಗು ತನ್ನ ಮನೆಯ ಅರಿವನ್ನು ತರಗತಿಯಲ್ಲಿ ಹೇಳಿಕೊಳ್ಳಲು ನಾಚುತ್ತದೆ. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಮೂಲಶಿಕ್ಷಣದ ಕಲ್ಪನೆಯನ್ನು ಮಂಡಿಸಿದಾಗ ಕೈಗೆಲಸವನ್ನೇ ಕಲಿಕೆಯ ನಡುವೆ ಇಟ್ಟಿದ್ದರು. ಅದೇ ವರ್ಷ ಅವರು ಬೆಳಗಾವಿ ಜಿಲ್ಲೆಯ ಹುದಲಿಗೆ ಬಂದಿದ್ದರು. ಆ ಕಲ್ಪನೆ ಖಾದಿಯ ಕೇಂದ್ರಗಳಲ್ಲಿ ಉಳಿಯಿತು, ಶಾಲೆಗಳಲ್ಲಿ ಬೇರೂರಲಿಲ್ಲ.

ಕುಂಬಾರನ ಅಗತ್ಯಕ್ಕೂ ಇಟ್ಟಿಗೆ ಭಟ್ಟಿಯ ಅಗತ್ಯಕ್ಕೂ ಇರುವ ಅಂತರವನ್ನು ಸಹ ವಿದ್ಯಾರ್ಥಿಗೆ ತೋರಿಸಬೇಕಾಗುತ್ತದೆ. ಭಟ್ಟಿಗೆ ಬೇಕಾದುದು ಗದ್ದೆಯ ಮೇಲ್ಮಣ್ಣು. ನಗರ ಬೆಳೆದಂತೆ ಬೇಡಿಕೆ ಬೆಳೆಯುತ್ತದೆ, ರೈತನಿಗೆ ಬೆಳೆಯಿಂದ ಬರುವುದಕ್ಕಿಂತ ಮಣ್ಣಿನಿಂದ ಬರುವ ಹಣ ಕೈಗೆ ಬೇಗ ಸಿಗುತ್ತದೆ. ಮಣ್ಣೆತ್ತುಗಳನ್ನು ಪೂಜಿಸಿದ ಮನೆಯೇ ಬೇಸಗೆಯಲ್ಲಿ ಗದ್ದೆಯ ಒಂದು ಪದರವನ್ನು ಮಾರುವುದುಂಟು. ಆರಾಧನೆ ಮಾರಾಟವನ್ನು ತಡೆಯಲಿಲ್ಲವೆಂಬುದನ್ನು ಮುಚ್ಚಿಟ್ಟು ಬರೆದ ಜಾನಪದ ಪ್ರಬಂಧ ಎಷ್ಟೇ ಸುಂದರವಾಗಿದ್ದರೂ ಅರ್ಧಸತ್ಯ. ಇದಕ್ಕೆ ರೈತನನ್ನು ದೂಷಿಸುವ ಪಾಠವೂ ಅಷ್ಟೇ ಅರೆಬರೆ. ತರಗತಿಯ ಗೋಡೆಯೂ ಆ ಇಟ್ಟಿಗೆಯದೇ.

ನೆಲದ ಹೆಸರುಗಳ ಹಳಮೆಯನ್ನು ಈ ಸಂದರ್ಭದಲ್ಲಿ ನೆನೆಯಬಹುದು. ಖಾನಾಪುರ ತಾಲ್ಲೂಕಿನ ಹಲಸಿ ಆದಿಕದಂಬರ ಪಲಾಶಿಕಾ. ಅಲ್ಲಿನ ತಾಮ್ರಪಟಗಳಲ್ಲೊಂದು ‘ಕರ್ದಮಪಟಿ’ ಎಂಬ ಕಡೆಯ ಭೂಮಿಯನ್ನು ಜಿನಪೂಜೆಗೆ ದತ್ತಿ ಬಿಟ್ಟುದನ್ನು ಹೇಳುತ್ತದೆ. ಕರ್ದಮವೆಂದರೆ ಕೆಸರು. ಸಂಸ್ಕೃತದ ಶಾಸನದಲ್ಲಿಯೂ ನೆಲವನ್ನು ಅದರ ಮಣ್ಣಿನಿಂದಲೇ ಗುರುತಿಸಲಾಗಿದೆ. ಅದೇ ಊರಿನಲ್ಲಿ ಮುಂದೆ ಗೋವೆಯ ಕದಂಬರ ಕಾಲದಲ್ಲಿ ಭೂದೇವಿಯನ್ನೆತ್ತಿದ ವರಾಹನಿಗೆ ನರಸಿಂಹನೊಡನೆ ಗುಡಿಯಾಯಿತು. ಶಾಲಾಪ್ರವಾಸದ ಬಸ್ಸುಗಳಿಗೆ ಹಲಸಿ ಇತಿಹಾಸದ ನಿಲ್ದಾಣ, ಭೀಮಗಡ ಪರಿಸರದ ನಿಲ್ದಾಣ. ಕರ್ದಮಪಟಿಯ ಕೆಸರು ಯಾವ ಪಟ್ಟಿಯಲ್ಲಿಯೂ ಇಲ್ಲ.

ಖಾನಾಪುರದ ಮೇಲ್ಮಣ್ಣು ಮಲಪ್ರಭೆಯೊಡನೆ ಸವದತ್ತಿಯವರೆಗೆ ಹೋಗುತ್ತದೆ, ನವಿಲುತೀರ್ಥದ ಅಣೆಕಟ್ಟಿನ ಹಿಂದೆ ಹೂಳಾಗಿ ತಂಗುತ್ತದೆ. ಆ ದಂಡೆಯದೇ ಎಲ್ಲಮ್ಮನ ಕಥನ. ರೇಣುಕೆ ದಿನವೂ ಹೊಳೆಯ ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬೆಯಾಗಿ ಸುತ್ತಿ ನೀರು ತರುತ್ತಿದ್ದಳು. ಮನಸ್ಸು ಒಮ್ಮೆ ಕದಡಿದಾಗ ಮರಳು ಕೊಡವಾಗಲಿಲ್ಲ. ಸಾಂಪ್ರದಾಯಿಕ ವ್ಯಾಖ್ಯಾನಗಳು ಇದನ್ನು ಪಾತಿವ್ರತ್ಯದ ಪರೀಕ್ಷೆಯಾಗಿ ಓದಿವೆ. ಸ್ತ್ರೀವಾದಿ ಓದುಗಳು ಆ ಪರೀಕ್ಷೆಯ ಕ್ರೌರ್ಯವನ್ನು ಸರಿಯಾಗಿಯೇ ಬಯಲಿಗಿಟ್ಟಿವೆ. ಇದನ್ನು ಪರಿಸರ ನೀತಿಕಥೆಯಾಗಿಸಲು ಹೋದರೆ ಆ ಕ್ರೌರ್ಯ ಮತ್ತೆ ಮುಚ್ಚಿಹೋಗುತ್ತದೆ. ಆದರೆ ಕಥನದೊಳಗೆ ಮರಳಿನ ಬಗೆಗಿನ ಒಂದು ನಿಖರ ಅರಿವು ಇದೆ: ಮರಳು ಜೇಡಿಯಂತೆ ತನಗೆ ತಾನೇ ಅಂಟದು, ಅದು ನಿಂತರೆ ಪವಾಡ. ಪವಾಡವೆಂದು ಕೇಳುಗರು ಬೆರಗಾಗಬೇಕಾದರೆ ಮಣ್ಣಿನ ಈ ಗುಣ ಅವರಿಗೆ ಮೊದಲೇ ತಿಳಿದಿರಬೇಕು. ನದಿಯನ್ನು ಕಳಸಾ–ಬಂಡೂರಿಯ ವಿವಾದವಾಗಿ ಮಾತ್ರ ಬಲ್ಲ ಇಂದಿನ ವಿದ್ಯಾರ್ಥಿಗೆ ಅದು ಹೊತ್ತು ತರುವ ಮರಳಿನ, ಹೂಳಿನ ಪರಿಚಯ ಅಷ್ಟಿಲ್ಲ.

ಮೇಲೆ ಹೇಳಿದ ಮಣ್ಣಿನ ಹಬ್ಬಗಳು ಮುಖ್ಯವಾಗಿ ಕನ್ನಡ ಬಯಲಿನವು. ಜಾಂಬೋಟಿ, ಕಣಕುಂಬಿಗಳ ಕಡೆ ಮರಾಠಿ, ಕೊಂಕಣಿ ಮಾತುಗಳ ಊರುಗಳಲ್ಲಿ ಆಚರಣೆಯ ಕ್ರಮ ಬೇರೆ, ಮಣ್ಣಿನ ಪದಕೋಶ ಬೇರೆ. ಗಡಿವಿವಾದದ ನೆರಳಿನಲ್ಲಿ ಬೆಳೆದ ಸಂಗ್ರಹಕಾರ್ಯ ಒಂದೊಂದು ಭಾಷೆಯ ಪಾಲನ್ನು ಮಾತ್ರ ದಾಖಲಿಸಿ ಸುಮ್ಮನಾಗಿದೆ. ಜಂಬಿಟ್ಟಿಗೆ ಮಾತ್ರ ಎರಡೂ ಭಾಷೆಯವರ ಮನೆಗಳಿಗೆ ಗೋಡೆಯಾಗಿದೆ. ಕನ್ನಡ ಶಾಲೆಗೊಂದು, ಮರಾಠಿ ಶಾಲೆಗೊಂದು ಮಣ್ಣಿನ ಪದಕೋಶವನ್ನು ಬೇರೆಬೇರೆಯಾಗಿ ಮಾಡುವುದಕ್ಕಿಂತ ಎರಡೂ ಶಾಲೆಯ ಮಕ್ಕಳಿಂದ ಒಂದನ್ನೇ ಮಾಡಿಸುವುದು ಮೇಲು. ಅಂಥ ಕೆಲಸಕ್ಕೆ ಅಕಾಡೆಮಿಗಳೂ ವಿಶ್ವವಿದ್ಯಾಲಯಗಳೂ ಮುಂದಾಗಬೇಕಾಗಿದೆ.

ಅದಕ್ಕೆ ಉಳಿದಿರುವ ಕಾಲ ಹೆಚ್ಚಿಲ್ಲ. 2011ರಲ್ಲಿ ಸುಮಾರು 190 ಚದರ ಕಿಲೋಮೀಟರುಗಳ ಭೀಮಗಡ ವನ್ಯಜೀವಿಧಾಮ ಘೋಷಿತವಾಯಿತು. ಬಾರಾಪೇಡೆ ಗುಹೆಗಳ ಅಪರೂಪದ ಬಾವಲಿಯಿಂದಾಗಿ ಅದು ಜೀವವಿಜ್ಞಾನಿಗಳಿಗೆ ಮೊದಲೇ ಪರಿಚಿತವಾಗಿತ್ತು. ಧಾಮದೊಳಗಿನ ತಳೇವಾಡಿಯ ಕುಟುಂಬಗಳಿಗೆ 2025ರಲ್ಲಿ ಪರಿಹಾರಧನ ನೀಡಿ ಸ್ಥಳಾಂತರಕ್ಕೆ ಚಾಲನೆ ಕೊಡಲಾಯಿತು. ರಸ್ತೆ, ಆಸ್ಪತ್ರೆ, ಶಾಲೆಗಳಿಲ್ಲದ ಬದುಕನ್ನು ಬಿಟ್ಟು ಬರುವವರ ಆಯ್ಕೆಯನ್ನು ಹೊರಗಿನವರು ಪ್ರಶ್ನಿಸಲಾಗದು. ಬಾವಲಿಯ ಹೆಸರು, ಅಳತೆ, ಆವಾಸ ವೈಜ್ಞಾನಿಕ ದಾಖಲೆಗಳಲ್ಲಿವೆ. ಆ ಗದ್ದೆಗಳ ಕೆಸರಿಗೆ, ಗುಡ್ಡದ ಓರೆಯ ತೆಳು ಮಣ್ಣಿಗೆ, ಮಳೆ ನಿಂತ ಮೇಲೆ ಮೊದಲು ಒಣಗುವ ತುಂಡು ನೆಲಕ್ಕೆ ತಳೇವಾಡಿಯವರು ಇಟ್ಟ ಹೆಸರುಗಳು ಅವರ ನಾಲಿಗೆಯ ಮೇಲಿವೆ; ಹೊಸ ಊರಿನ ಶಾಲೆಗೆ ಸೇರುವ ಅವರ ಮಕ್ಕಳಿಗೆ ಆ ಹೆಸರುಗಳಿಂದ ಕರೆಯಲು ನೆಲವೇ ಇರುವುದಿಲ್ಲ.