ಧಾರವಾಡ ಸೀಮೆಯ ಹತ್ತಿ: ವಿದೇಶಿ ತಳಿಗಳ ಪ್ರವೇಶ ಮತ್ತು ಮೌಲ್ಯಮಾಪನದ ಮಾನದಂಡ

ವಿದೇಶಿ ತಳಿಗಳ ಪ್ರವೇಶವನ್ನು ಕೃಷಿ ಚರಿತ್ರೆಯು ಸಾಮಾನ್ಯವಾಗಿ ಬೀಜ ತಂದವರ ಸಾಧನೆಯೆಂದು ದಾಖಲಿಸುತ್ತದೆ. ಈ ಗ್ರಹಿಕೆ ಎಷ್ಟು ಅಪೂರ್ಣವೆಂಬುದನ್ನು ಧಾರವಾಡ ಸೀಮೆಯ ಹತ್ತಿಯ ಇತಿಹಾಸ ತೋರಿಸಿಕೊಡುತ್ತದೆ.

ಇಲ್ಲಿನ ಕಪ್ಪು ಭೂಮಿಯಲ್ಲಿ ಮಳೆಯಾಶ್ರಯದಲ್ಲಿ ಬೆಳೆಯುತ್ತಿದ್ದ ದೇಶಿ ಹತ್ತಿ ಗಾಸಿಪಿಯಂ ಹರ್ಬೇಸಿಯಂ ಪ್ರಭೇದದ್ದು. ಸಾಗಣೆಯಾಗುತ್ತಿದ್ದ ಬಂದರಿನಿಂದಾಗಿ ಅದು ‘ಕುಮಟಾ ಹತ್ತಿ’ ಎಂದು ಹೆಸರಾಯಿತು. ಅದರ ಗಿಡ್ಡ ಎಳೆ ಇಂಗ್ಲೆಂಡಿನ ಗಿರಣಿಗಳಿಗೆ ಒಪ್ಪಿಗೆಯಾಗಲಿಲ್ಲ. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಹತ್ತು ಮಂದಿ ಅಮೆರಿಕದ ಬೆಳೆಗಾರರನ್ನು ಭಾರತಕ್ಕೆ ಕರೆಸಿತು. ಹಲವೆಡೆ ವಿಫಲವಾದ ಅಮೆರಿಕದ ಹತ್ತಿ ಧಾರವಾಡದಲ್ಲಿ ಬೇರೂರಿತಾದರೂ ಕಾಲಕ್ರಮದಲ್ಲಿ ಬೆರಕೆಯಾಗಿ ಗುಣಮಟ್ಟ ಕುಸಿಯಿತು.

ಈ ಒಗ್ಗಿದ ಬೆಳೆಯಿಂದಲೇ ಆಯ್ಕೆಯ ಮೂಲಕ ಗದಗ-1 ರೂಪುಗೊಂಡಿತು. ಅದನ್ನು ಕಾಂಬೋಡಿಯ ವರ್ಗದ ಹತ್ತಿಯೊಡನೆ ಸಂಕರಿಸಿದಾಗ ‘ಲಕ್ಷ್ಮಿ’ ದೊರೆಯಿತು. 1972ರಲ್ಲಿ ಬಿ.ಎಚ್. ಕತರಕಿಯವರು ಲಕ್ಷ್ಮಿಯನ್ನು ಬಾರ್ಬಡೆನ್ಸ್ ಪ್ರಭೇದದ ತಳಿಯೊಡನೆ ಸಂಕರಿಸಿ ‘ವರಲಕ್ಷ್ಮಿ’ಯನ್ನು ನೀಡಿದರು. ಹೀಗೆ ಉದ್ದನೆಯ ಎಳೆಯ ಈ ಸಂಕರದ ಹಿಂದೆ ಶತಮಾನಕ್ಕೂ ಮಿಕ್ಕಿದ ಒಗ್ಗುವಿಕೆ ಮತ್ತು ಆಯ್ಕೆ ಇವೆ. ಬೀಜದ ಆಮದು ಅದರ ಆರಂಭ ಮಾತ್ರ.

ಆದರೆ ಈ ಸಾಧನೆಗೆ ಇನ್ನೊಂದು ಮುಖವೂ ಉಂಟು. ದೇಶಿ ಹತ್ತಿಯಲ್ಲಿ 26 ವರ್ಣತಂತುಗಳಿವೆ, ಅಮೆರಿಕ ಮೂಲದ ಹತ್ತಿಯಲ್ಲಿ 52. ಇವೆರಡರ ನೇರ ಸಂಕರದಿಂದ ಹುಟ್ಟುವ, 39 ವರ್ಣತಂತುಗಳ ಸಸ್ಯ ಸಾಮಾನ್ಯವಾಗಿ ಬಂಜೆ. ಹೀಗಾಗಿ ದೇಶಿ ಹತ್ತಿಯ ಬರಸಹಿಷ್ಣುತೆ ಮತ್ತು ರಸ ಹೀರುವ ಕೀಟಗಳನ್ನು ತಾಳಿಕೊಳ್ಳುವ ಗುಣ ಹೊಸ ತಳಿಗಳಿಗೆ ಸುಲಭವಾಗಿ ವರ್ಗಾವಣೆಯಾಗಲಿಲ್ಲ. ವಿದೇಶಿ ಹತ್ತಿಯು ದೇಶಿ ಹತ್ತಿಯನ್ನು ಸುಧಾರಿಸಲಿಲ್ಲ, ಅದರ ಸ್ಥಾನವನ್ನು ಆಕ್ರಮಿಸಿತು. ಗೊಬ್ಬರ, ಕೀಟನಾಶಕ ಮತ್ತು ಪ್ರತಿವರ್ಷ ಕೊಳ್ಳಬೇಕಾದ ಸಂಕರ ಬೀಜದ ವೆಚ್ಚ ರೈತನ ಪಾಲಿಗೆ ಬಂದಿತು.

2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಬಳಿಕ ಈ ಪ್ರವೃತ್ತಿ ತೀವ್ರಗೊಂಡಿತು. ಅಲ್ಲಿಯೂ ಅಮೆರಿಕದ ಕೋಕರ್ ತಳಿಯಲ್ಲಿ ಸೇರಿಸಿದ ವಂಶವಾಹಿಯನ್ನು ಭಾರತದಲ್ಲಿ ಒಗ್ಗಿದ ಸಂಕರಗಳ ಪೋಷಕ ತಳಿಗಳಿಗೆ ವರ್ಗಾಯಿಸಬೇಕಾಯಿತು ಎಂಬುದು ಗಮನಾರ್ಹ.

ಎಳೆಯ ಉದ್ದವೊಂದನ್ನೇ ಅಳತೆಗೋಲಾಗಿಸಿಕೊಂಡರೆ ಈ ಇತಿಹಾಸ ಯಶಸ್ಸಿನ ಕಥನವಾಗುತ್ತದೆ. ಮಳೆ ಕೈಕೊಟ್ಟ ವರ್ಷದಲ್ಲಿ ರೈತನಿಗೆ ಉಳಿಯುವುದೇನು ಎಂಬುದನ್ನೂ ಅಳೆದರೆ ತೀರ್ಪು ಅಷ್ಟು ಸರಳವಾಗದು. ‘ಜಯಧರ’ದಂತಹ ಸುಧಾರಿತ ಹರ್ಬೇಸಿಯಂ ತಳಿ ಇದೇ ನೆಲದಲ್ಲಿ ಬಂದಿತ್ತೆಂಬುದು ದೇಶಿ ಹತ್ತಿಯನ್ನು ಅದರ ದಾರಿಯಲ್ಲೇ ಬೆಳೆಸುವುದು ಸಾಧ್ಯವಿತ್ತೆಂಬುದಕ್ಕೆ ಸಾಕ್ಷಿ. ವಿದೇಶಿ ತಳಿಯ ಪ್ರವೇಶದ ಮೌಲ್ಯಮಾಪನವು ಪಡೆದುದರ ಜೊತೆಗೆ ತೆರವಾದುದನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗಲೇ ಪೂರ್ಣವಾಗುತ್ತದೆ.